ಸಪ್ಪೆ ಸೋಮವಾರದ ಬಿಸ್ಕತ್ತು

ಹೊಸಪೇಟೆಯ ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ದೇವರಿಗಿಂತ ಹೆಚ್ಚು ಮರ್ಯಾದೆ ಸಿಗುತ್ತಿದ್ದದ್ದು ಉಪ್ಪಿನ ಗಡಿಗೆಗೆ. ವರ್ಷದ ಉಳಿದ ದಿನಗಳಲ್ಲಿ ಅದು ಒಲೆಯ ಹಿಂದಿನ ಮೂಲೆಯಲ್ಲಿ, ಹೊಟ್ಟೆಯೆಲ್ಲ ಒದ್ದೆ ಮಾಡಿಕೊಂಡು, ಯಾರ ಲಕ್ಷ್ಯಕ್ಕೂ ಬಾರದೆ ಕೂತಿರುತ್ತಿತ್ತು. ಶ್ರಾವಣದ ಪ್ರತಿ ಭಾನುವಾರ ಸಂಜೆ, ಊಟದ ಪಾತ್ರೆಗಳನ್ನೆಲ್ಲ ತೊಳೆದಾದ ಮೇಲೆ, ಅಜ್ಜಿ ಒಗೆದ ಬಿಳಿ ಬಟ್ಟೆಯೊಂದನ್ನು ತಂದು ಅದರ ಬಾಯಿಗೆ ಕಟ್ಟುತ್ತಿದ್ದಳು. ಗಂಟು ಹಾಕುವವಳೂ ಅವಳೇ, ಮಂಗಳವಾರ ಬೆಳಿಗ್ಗೆ ಬಿಚ್ಚುವವಳೂ ಅವಳೇ. ನಡುವಿನ ಸೋಮವಾರ ಒಂದು ಹರಳು ಉಪ್ಪು ಸಹ ಯಾವ ಪಾತ್ರೆಗೂ ಬೀಳುವಂತಿರಲಿಲ್ಲ. ಆ ದಿನಕ್ಕೆ ನಮ್ಮ ಮನೆಯಲ್ಲಿ ಸಪ್ಪೆ ಸೋಮವಾರ ಎಂದೇ ಹೆಸರು. ಓಣಿಯ ಬೇರೆ ಮನೆಗಳಲ್ಲೂ ಶ್ರಾವಣ ಸೋಮವಾರವೆಂದರೆ ಒಪ್ಪೊತ್ತು, ಹುಗ್ಗಿ, ಗುಡಿ ಎಲ್ಲ ಇತ್ತು. ಈ ಸಪ್ಪೆ ಮಾತ್ರ ನಮ್ಮ ಮನೆತನದ್ದೇ ಪದ್ಧತಿ. ಗಂಡನ ಆಯುಷ್ಯ ಗಟ್ಟಿಯಾಗಲೆಂದು ಮನೆಯ ಮುತ್ತೈದೆಯರು ಹಿಡಿಯಬೇಕಾದ ವ್ರತ. ಅದನ್ನು ಹಿಡಿಸುವವಳು ಮಾತ್ರ ಗಂಡನಿಲ್ಲದ ನಮ್ಮ ಅಜ್ಜಿ.

ಉಪ್ಪಿಲ್ಲದ ಪುಂಡಿಪಲ್ಯ ತಿಂದವರಿಗೆ ಮಾತ್ರ ನಾನು ಹೇಳುವುದು ಅರ್ಥವಾದೀತು. ಬೇಳೆ ಸಪ್ಪೆ, ನುಚ್ಚು ಸಪ್ಪೆ, ಮಜ್ಜಿಗೆ ಸಪ್ಪೆ. ಮುತ್ತೈದೆಯರ ವ್ರತವಾದರೂ ಉಪ್ಪಿನ ಗಡಿಗೆ ಒಂದೇ ಇದ್ದುದರಿಂದ ಗಂಡಸರು ಮಕ್ಕಳೆಲ್ಲ ಅದಕ್ಕೆ ತಲೆಕೊಡಲೇಬೇಕಿತ್ತು. ನಮ್ಮದು ಉದ್ದನೆಯ ಮನೆ. ಬೀದಿಗೆ ತೆರೆದುಕೊಂಡ ಮುಂಭಾಗದಲ್ಲಿ ಅಪ್ಪನ ದಿನಸಿ ಅಂಗಡಿ, ಅದರ ಹಿಂದೆ ಪಡಸಾಲೆ, ಬಲಕ್ಕೆ ಭತ್ತ ಬೆಲ್ಲ ತುಂಬಿದ ಕತ್ತಲೆ ಕೋಣೆ, ಕೊನೆಯಲ್ಲಿ ಅಡಿಗೆಮನೆ, ಹಿತ್ತಲು. ಅಪ್ಪ ಸಪ್ಪೆ ಸೋಮವಾರಗಳಂದು ಒಳಗೆ ಬಂದು ಎರಡು ತುತ್ತು ಉಂಡು, ಗಿರಾಕಿ ಬಂದಾರ ಎಂದು ಎದ್ದು ಹೋಗುತ್ತಿದ್ದ. ಅಂಗಡಿಯ ತಕ್ಕಡಿ ಹಿಂದಿನ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಇರುತ್ತಿತ್ತು. ಅದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಜ್ಜಿಗೆ ಗೊತ್ತಿಲ್ಲ ಎಂದು ಅಪ್ಪ ಒಬ್ಬನೇ ನಂಬಿದ್ದ.

ಸಪ್ಪೆಯ ಜೊತೆಗೆ ಇನ್ನೊಂದು ನಿಯಮವಿತ್ತು. ಸೋಮವಾರ ಮನೆಯಲ್ಲಿ ಯಾರೂ ಅಳುವಂತಿಲ್ಲ. ಬಿದ್ದು ಮೊಣಕಾಲು ಕೆತ್ತಿಸಿಕೊಂಡರೂ ಅಳುವಂತಿಲ್ಲ. ಕಣ್ಣಲ್ಲಿ ನೀರು ಕಂಡರೆ ಸಾಕು, ಅಜ್ಜಿ ಎಲ್ಲಿದ್ದರೂ ಓಡಿ ಬಂದು, ಹನಿ ಕೆನ್ನೆಗೆ ಇಳಿಯುವ ಮೊದಲೇ ಸೆರಗಿನಿಂದ ಒರೆಸಿಬಿಡುತ್ತಿದ್ದಳು. ಒಲೆಯ ಮುಂದೆ ಕೂತ ಅವ್ವನ ಹಣೆ, ಮೂಗಿನ ಕೆಳಗಿನ ಬೆವರನ್ನೂ ಹಾಗೆಯೇ ಬಂದು ಬಂದು ಒರೆಸುತ್ತಿದ್ದಳು. ನಾನು ಅದನ್ನು ಅತ್ತೆಗೆ ಸೊಸೆಯ ಮೇಲಿರುವ ಪ್ರೀತಿ ಎಂದುಕೊಂಡಿದ್ದೆ. ಮಂಗಳವಾರ ಆ ಪ್ರೀತಿ ಎಲ್ಲಿ ಹೋಗುತ್ತಿತ್ತು ಎಂದು ಕೇಳುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ.

ಆ ವರ್ಷ ಸಪ್ಪೆ ಹಿಡಿಯುವವರ ಸಾಲಿಗೆ ನನ್ನ ಅಕ್ಕ ಗೌರಿ ಹೊಸದಾಗಿ ಸೇರಿದ್ದಳು. ಬೇಸಿಗೆಯಲ್ಲಿ ಅವಳ ಮದುವೆಯಾಗಿತ್ತು. ಸೀರೆ ಉಟ್ಟರೆ ನೆರಿಗೆಗಿಂತ ಅವಳೇ ತೆಳ್ಳಗೆ ಕಾಣುವಷ್ಟು ಚಿಕ್ಕವಳು. ಗಂಡ ಕಂಪ್ಲಿಯ ಬೆಲ್ಲದ ವ್ಯಾಪಾರಿಯ ಮಗ, ಆಗಷ್ಟೇ ಮೀಸೆ ಚಿಗುರಿದ ಹುಡುಗ. ಮೈನೆರೆದ ಮೇಲೆ ಕಳಿಸುವುದೆಂದು ಮಾತಾಗಿದ್ದರಿಂದ ಅಕ್ಕ ಇನ್ನೂ ನಮ್ಮಲ್ಲೇ ಇದ್ದಳು. ಗಂಡನೊಡನೆ ಅವಳು ಮಾತಾಡಿದ್ದು ಇಲ್ಲವೇ ಇಲ್ಲ ಅನ್ನಬೇಕು. ಆದರೆ ಮದುವೆಯ ದಿನ, ಮುಹೂರ್ತ ತಡವಾಗಿ ಇಬ್ಬರೂ ಬೆಳಗಿನಿಂದ ಉಪವಾಸ ಕೂತಿದ್ದಾಗ, ಅವನು ಶಲ್ಯದ ಕೆಳಗಿನಿಂದ ಒಂದು ಬೆಲ್ಲದ ಚೂರನ್ನು ಅವಳ ಅಂಗೈಗೆ ತುರುಕಿ, ತುಟಿ ಅಲುಗಿಸದೆ ‘ಹಸಿದೀಯೇನು’ ಎಂದು ಕೇಳಿದ್ದನಂತೆ. ಇದನ್ನು ಅಕ್ಕ ನನಗೊಬ್ಬಳಿಗೇ ಹೇಳಿದ್ದಳು. ಎಷ್ಟು ಸಲ ಹೇಳಿದ್ದಳೆಂದರೆ ಕಡೆಗೆ ಆ ಬೆಲ್ಲ ನಾನೇ ತಿಂದಂತಾಗಿತ್ತು. ಅವಳು ಸಪ್ಪೆ ಹಿಡಿದದ್ದು ಅಜ್ಜಿಯ ಹೆದರಿಕೆಗಲ್ಲ, ಆ ಬೆಲ್ಲದ ಚೂರಿಗಾಗಿ. ಎರಡು ತುತ್ತಿಗೇ ಮುಖ ಹಿಂಡುತ್ತಿದ್ದ ನನ್ನ ಎದುರು ಕೂತು, ಉಪ್ಪಿಲ್ಲದ ನುಚ್ಚನ್ನು ಹಬ್ಬದೂಟದ ಹಾಗೆ ಉಣ್ಣುತ್ತಿದ್ದಳು.

ನಮ್ಮಿಬ್ಬರಿಗೂ ಗೆಳತಿಯೆಂದರೆ ಪದ್ಮಾ, ಸ್ಟೇಷನ್ ಮಾಸ್ತರರ ಮಗಳು. ಅವರು ವೈಷ್ಣವರು, ಗುಂತಕಲ್ಲಿನಿಂದ ವರ್ಗವಾಗಿ ಬಂದವರು. ರೈಲ್ವೆ ಕ್ವಾರ್ಟರ್ಸಿನ ಅವರ ಮನೆ ನನಗೊಂದು ವಿಲಾಯತಿ. ಕಾಫಿ ಕಂಡದ್ದು ಅಲ್ಲೇ, ಗೋಡೆ ಗಡಿಯಾರ ಕಂಡದ್ದು ಅಲ್ಲೇ. ಪದ್ಮಾ ಬಹಳ ದಿನದಿಂದ ಒಂದು ತಿಂಡಿಯ ವರ್ಣನೆ ಮಾಡುತ್ತಿದ್ದಳು. ಗುಂತಕಲ್ಲಿನಲ್ಲಿ ಅವರ ಪಕ್ಕದಲ್ಲಿದ್ದ, ಗೌನು ಹಾಕುವ ಗಾರ್ಡಿನ ಹೆಂಡತಿಯೊಬ್ಬಳು ಅವಳ ಅಮ್ಮನಿಗೆ ಅದನ್ನು ಕಲಿಸಿಕೊಟ್ಟಿದ್ದಳಂತೆ, ಇವರಿಗಾಗಿ ತತ್ತಿ ಬಿಟ್ಟು. ಹಿಟ್ಟು ಲಟ್ಟಿಸಿ, ಬೆಣ್ಣೆ ಸವರಿ, ಮಡಚಿ, ಮತ್ತೆ ಲಟ್ಟಿಸಿ, ಮತ್ತೆ ಮಡಚಿ, ಹಿತ್ತಾಳೆ ಪಾತ್ರೆಯಲ್ಲಿ ಮರಳು ಹಾಸಿ, ಕೆಳಗೂ ಕೆಂಡ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುವುದು. ಅವರ ಮನೆಯಲ್ಲಿ ಅದಕ್ಕೆ ದೊರಸಾನಿ ಬಿಸ್ಕತ್ತು ಎನ್ನುತ್ತಿದ್ದರು. ಮಾಸ್ತರರು ಬೆಳಿಗ್ಗೆ ರೈಲು ಬಿಟ್ಟು ಬಂದು ಅದನ್ನು ಕಾಫಿಯ ಜೊತೆ ತಿನ್ನುತ್ತಿದ್ದರಂತೆ. ಬೆಳಿಗ್ಗೆ ಎದ್ದು ಯಾರಾದರೂ ಸಿಹಿ ತಿನ್ನುತ್ತಾರೆಯೇ ಎಂದು ನಾನು ಕೇಳಿದಾಗ, ತಿಂದು ನೋಡು ಆಮೇಲೆ ಹೇಳು ಎಂದಿದ್ದಳು.

ಒಂದು ಭಾನುವಾರ ಪದ್ಮಾ ಬಂದು, ನಾಳೆ ಬೆಳಿಗ್ಗೆ ಅಮ್ಮ ಮಾಡ್ತಾಳ, ಇಬ್ಬರೂ ಬರ್ರಿ ಎಂದು ಕರೆದು ಹೋದಳು. ನಾಳೆಯೆಂದರೆ ಸೋಮವಾರ. ನಮ್ಮವರು ಬೇರೆ ಜಾತಿಯವರ ಮನೆಯಲ್ಲಿ ಅನ್ನ ರೊಟ್ಟಿ ಮುಟ್ಟುತ್ತಿರಲಿಲ್ಲ. ಹಾಲು, ಹಣ್ಣು, ಸಿಹಿ ಆದರೆ ನಡೆಯುತ್ತಿತ್ತು. ಸಪ್ಪೆಯ ದಿನವೂ ನಡೆಯುತ್ತಿದ್ದದ್ದು ಇವೇ ಮೂರು. ಆದರೂ ಅಜ್ಜಿಯ ಅಪ್ಪಣೆ ಬೇಕು. ಮರುದಿನ ಬೆಳಿಗ್ಗೆ ಅವಳ ಲಿಂಗಪೂಜೆ ಮುಗಿಯುವುದನ್ನೇ ಕಾದು, ಹಣೆಯ ವಿಭೂತಿ ಆರುವ ಮೊದಲೇ ನಾನು ಹೋಗಿ ನಿಂತೆ. ಅಜ್ಜಿ ವಿಚಾರಣೆ ಶುರುಮಾಡಿದಳು.

“ಅದ್ರಾಗ ಏನೇನ್ ಹಾಕ್ತಾರ?”

“ಗೋಧಿ ಹಿಟ್ಟು, ಬೆಣ್ಣಿ, ಸಕ್ಕರಿ.”

“ತತ್ತಿ?”

“ಇಲ್ಲಜ್ಜಿ. ಅವರು ಉಳ್ಳಾಗಡ್ಡಿನೂ ತಿನ್ನಂಗಿಲ್ಲ.”

“ಸಿಹಿನ ಇರ್ತೈತಲ್ಲ?”

“ಹೂಂ. ಮ್ಯಾಲೆಲ್ಲ ಸಕ್ಕರಿ ಅಂತ.”

“ಹಂಗಾದ್ರ ಹೋಗಿ ತಿನ್ರಿ. ಸಿಹಿ ಅಂದ ಮ್ಯಾಲ ಉಪ್ಪು ಎಲ್ಲಿಂದ ಬರ್ತೈತಿ.”

ಇಷ್ಟು ದೊಡ್ಡ ಮನೆ ನಡೆಸಿದ ಹೆಂಗಸಿನ ಬಾಯಿಂದ ಬಂದ ಈ ಮಾತನ್ನು ನಾನಾಗಲಿ ಅಕ್ಕನಾಗಲಿ ಅನುಮಾನಿಸುವ ಕಾರಣವೇ ಇರಲಿಲ್ಲ. ನಮ್ಮ ಮನೆಯಲ್ಲಿ ಹುಗ್ಗಿಗೆ ಉಪ್ಪಿಲ್ಲ, ಮಾದಲಿಗೆ ಉಪ್ಪಿಲ್ಲ, ಪಾಯಸಕ್ಕೆ ಉಪ್ಪಿಲ್ಲ. ಸಿಹಿ ಒಂದು ಕಡೆ, ಉಪ್ಪು ಒಂದು ಕಡೆ. ಇಬ್ಬರು ಸವತಿಯರ ಹಾಗೆ ಅವು ಒಂದೇ ಪಾತ್ರೆಯಲ್ಲಿ ಇರಲಾರವು ಎಂದು ನಾವು ಗಟ್ಟಿಯಾಗಿ ತಿಳಿದಿದ್ದೆವು.

ಪದ್ಮಾಳ ಅಮ್ಮ ಮಡಿಯಲ್ಲಿದ್ದರು. ಬಿಸ್ಕತ್ತು ತುಂಬಿದ ತಾಟನ್ನು ಒಳಗಿನ ಹೊಸ್ತಿಲ ಮೇಲೆ ಇಟ್ಟು, ಕೂತು ತಿನ್ರವಾ ಎಂದು ಹೇಳಿ ಒಳಗೇ ಉಳಿದರು. ನಾವು ಮೂವರೂ ವರಾಂಡದಲ್ಲಿ ಕೂತೆವು. ಎದುರಿಗೆ ಹಳಿ, ಆಚೆ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಬಿಸ್ಕತ್ತು ಅಂಗೈ ಅಗಲ, ಚೌಕ, ಕಂದುಬಣ್ಣ. ಬದಿಯಿಂದ ನೋಡಿದರೆ ಪದರ ಪದರ. ಮೇಲೆ ಸಕ್ಕರೆ ಕರಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಅಕ್ಕ ಕಣ್ಣುಮುಚ್ಚಿ ಕೈಮುಗಿದು, ಮೊದಲ ತುಂಡನ್ನು ದೊಡ್ಡದಾಗಿಯೇ ಕಚ್ಚಿದಳು. ಸಪ್ಪೆಯ ದಿನ ಸಿಕ್ಕ ಸಿಹಿಯಲ್ಲವೇ. ನಾನೂ ಕಚ್ಚಿದೆ.

ಮೊದಲು ಸಕ್ಕರೆ ಕರಕರ ಎಂದಿತು. ಆಮೇಲೆ ಬೆಣ್ಣೆ ನಾಲಿಗೆ ತುಂಬಿತು. ಅಲ್ಲಿಯವರೆಗೆ ಎಲ್ಲವೂ ಅಜ್ಜಿ ಹೇಳಿದ ಹಾಗೇ ಇತ್ತು. ಪದರಗಳು ಪುಡಿಯಾಗುವಾಗ, ಸಿಹಿಯ ಹಿಂದೆ ಬಚ್ಚಿಟ್ಟುಕೊಂಡಿದ್ದ ಉಪ್ಪು ಬಂದು ನಾಲಿಗೆಯ ಎರಡೂ ಬದಿಗೆ ಬಡಿಯಿತು. ಒಂದಿಷ್ಟು ಅಲ್ಲ, ಚೆನ್ನಾಗಿಯೇ ಇತ್ತು. ನಾನು ಬೆಚ್ಚಿಬಿದ್ದೆ. ಬಾಯಿಯೊಳಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಸಿಹಿ ಹೋಗಿರಲಿಲ್ಲ, ಅದೂ ಇತ್ತು, ಇದೂ ಇತ್ತು, ಒಂದರಿಂದ ಇನ್ನೊಂದು ಜೋರಾಗಿತ್ತು. ಅಷ್ಟು ರುಚಿಯಾದದ್ದನ್ನು ನಾನು ಅದುವರೆಗೆ ತಿಂದೇ ಇರಲಿಲ್ಲ. ಆ ಖುಷಿಯಲ್ಲಿ ಅಕ್ಕನ ಕಡೆ ತಿರುಗಿದರೆ ಅವಳ ಮುಖದಲ್ಲಿ ಬಣ್ಣವಿರಲಿಲ್ಲ.

“ಇದ್ರಾಗ ಉಪ್ಪೈತಿ,” ಎಂದಳು. ಬಹಳ ಮೆಲ್ಲಗೆ ಹೇಳಿದಳು.

“ಉಪ್ಪು ಇಲ್ಲದ ಹೆಂಗ ಮಾಡ್ತಾರ?” ಪದ್ಮಾ ನಕ್ಕಳು. “ಹಿಟ್ಟಿಗೆ ಉಪ್ಪು ಹಾಕೇ ಹಾಕ್ತಾರ. ಅದರ ರುಚಿನೇ ಅದು.”

“ನಾ ನುಂಗಿಬಿಟ್ಟೆ.”

ಎದ್ದು ಓಡಿಹೋಗಿ ನಲ್ಲಿಯ ಕೆಳಗೆ ಬಾಯಿ ಇಟ್ಟಳು. ಉಗುಳಿದಳು, ಮುಕ್ಕಳಿಸಿದಳು, ಬೆರಳು ಹಾಕಿ ಕಕ್ಕಲು ನೋಡಿದಳು. ಏನೂ ಬರಲಿಲ್ಲ. ಪದ್ಮಾ ಗಾಬರಿಯಾಗಿ ಏನಾತ ಏನಾತ ಎನ್ನುತ್ತ ಹಿಂದೆ ಮುಂದೆ ಸುತ್ತಿದಳು. ಸಪ್ಪೆಯ ಸಂಗತಿ ನಾನು ಹೇಳಿದಾಗ ಅವಳಿಗೆ ಅಳುವೇ ಬಂತು. ಅವಳ ಮನೆಯಲ್ಲೂ ವ್ರತಗಳಿದ್ದವು, ತಪ್ಪಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ನನ್ನ ಮಣಿಕಟ್ಟನ್ನು ಬಿಡಲಿಲ್ಲ. ಯಾರಿಗೂ ಹೇಳಬ್ಯಾಡ ಎಂದಳು. ಅವರಿಗೇನೂ ಆಗಂಗಿಲ್ಲ ಹೌದಲ್ಲ ಎಂದಳು. ಆಗಂಗಿಲ್ಲ ಎಂದೆ. ಒಂದು ತುಂಡು ಅಷ್ಟ ಎಂದೂ ಸೇರಿಸಿದೆ.

ಆ ದಿನ ದೀಪ ಹಚ್ಚುವ ಹೊತ್ತಿಗೆ ಕಂಪ್ಲಿಯ ಬಸ್ಸಿನಿಂದಿಳಿದು ಅಕ್ಕನ ಮಾವನ ಗುಮಾಸ್ತ ಬಂದ. ಅವನು ಬಂದಾಗಲೆಲ್ಲ ನನ್ನ ಜಡೆ ಎಳೆದು ತಮಾಷೆ ಮಾಡುತ್ತಿದ್ದವನು. ಅವತ್ತು ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು, ನನ್ನನ್ನು ನೋಡದೆ ಸೀದಾ ಪಡಸಾಲೆಗೆ ಬಂದ. ನೀರು ಕೊಟ್ಟರೆ ಕುಡಿಯಲಿಲ್ಲ. ಅಕ್ಕ, ಅವ್ವ, ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

“ಸಾವಕಾರ್ರ, ಮನಸ್ಸು ಗಟ್ಟಿ ಮಾಡಿಕೋರಿ,” ಎಂದ. “ಹೊಳಿ ತುಂಬಿ ಬಂದೈತಿ. ಆಚಿ ದಂಡಿ ಸಂತಿಗೆ ಹೊಂಟಿದ್ದ ಹರಿಗೋಲು ಮಗುಚಿತ್ರಿ.”

“ಯಾರಿದ್ರು ಅದ್ರಾಗ?” ಅಪ್ಪ ಕೇಳಿದ.

“ನಿಮ್ಮ ಅಳಿಯಾರು, ಸಣ್ಣ ಸಾವಕಾರ್ರಿದ್ರು. ಹೋಗಬ್ಯಾಡ್ರಿ ಅಂತ ಎಲ್ಲಾರೂ ಹೇಳಿದ್ವಿ. ಉಳಿದೋರು ಈಜಿ ಬಂದ್ರು. ಅವರು ಮಾತ್ರ ಇನ್ನೂ ಸಿಕ್ಕಿಲ್ರಿ.”

ಆಗ ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು. ಮದುವೆಯಾದ ಹುಡುಗಿ ಗಂಡನ ಮನೆಯ ಗಂಡಸಿನೆದುರು ಬಾಯಿ ತೆರೆಯುವುದು ನಮ್ಮಲ್ಲಿ ಕೇಳಿದ್ದೇ ಇಲ್ಲ.

“ಎಷ್ಟೊತ್ತಿಗೆ ಆತದು?”

ಗುಮಾಸ್ತ ಅವಳಿಗೆ ಉತ್ತರ ಕೊಡಲಾರದೆ ಅಪ್ಪನಿಗೆ ಹೇಳಿದ. “ಬಿಸಿಲು ಇನ್ನೂ ಏರಿದ್ದಿಲ್ರಿ. ನಾಷ್ಟಾ ಮಾಡೋ ಹೊತ್ತು.”

ನಾಷ್ಟಾ ಮಾಡೋ ಹೊತ್ತು. ನಾವು ವರಾಂಡದಲ್ಲಿ ಕೂತಿದ್ದ ಹೊತ್ತು ಅದು. ಸಕ್ಕರೆ ಕರಕರ ಎಂದ ಹೊತ್ತು. ಹಂಪಿಯ ಬಂಡೆಗಳ ನಡುವೆ ನುಗ್ಗಿ ಕಂಪ್ಲಿಗೆ ಇಳಿಯುವ ಆ ನೀರನ್ನು ನಾನು ನೋಡಿದ್ದೆ. ಆಗಿನ್ನೂ ಹೊಳೆಗೆ ಅಣೆಕಟ್ಟು ಇರಲಿಲ್ಲ, ಶ್ರಾವಣದಲ್ಲಿ ಅದು ಹರಿಯುವ ಸದ್ದು ಕೇಳಿದರೇ ಎದೆ ಝಲ್ಲೆನ್ನುತ್ತಿತ್ತು. ಇಷ್ಟು ದೊಡ್ಡ ಹೊಳೆಯಲ್ಲಿ ಒಂದು ಹರಿಗೋಲನ್ನು ನಮ್ಮ ಬಿಸ್ಕತ್ತಿನ ತುಂಡು ಮಗುಚಿತು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಈಗ ನಗು ಬರಬೇಕು, ಬರುವುದಿಲ್ಲ.

ಅಪ್ಪ ಜಟಕಾ ಮಾಡಿಕೊಂಡು ಗುಮಾಸ್ತನ ಜೊತೆ ಕಂಪ್ಲಿಗೆ ಹೊರಟುಹೋದ. ಸುದ್ದಿ ಓಣಿ ತುಂಬ ಹರಡಿತು. ಎದುರುಮನೆಯ ಚೆನ್ನಮ್ಮ ಎಲ್ಲರಿಗಿಂತ ಮೊದಲು ಬಂದಳು. ಓಣಿಯಲ್ಲಿ ಹೆರಿಗೆಯಾದರೂ ಹೆಣ ಬಿದ್ದರೂ ಮೊದಲು ಬರುವವಳು, ಕೆಲಸಕ್ಕೆ ನಿಂತರೆ ಕೈ ಸೋಲದವಳು, ಒಳ್ಳೆಯವಳೇ. ಪಡಸಾಲೆಯಲ್ಲಿ ಅಕ್ಕನ ಪಕ್ಕ ಕೂತು ಅವಳ ಹೆಗಲ ಮೇಲೆ ಕೈ ಹಾಕಿ ತಬ್ಬಿಕೊಂಡಳು. ಅವ್ವ ಗೋಡೆಗೆ ಬೆನ್ನು ಆನಿಸಿ ಕೂತಿದ್ದಳು. ಅಜ್ಜಿ ಕಂಬದ ಬಳಿ, ಕೈಯಲ್ಲಿ ಸೆರಗು ಹಿಡಿದುಕೊಂಡು, ಅಕ್ಕನ ಕಣ್ಣನ್ನೇ ಕಾಯುತ್ತಿದ್ದಳು. ಅಕ್ಕ ಅಳಲಿಲ್ಲ. ಸೋಮವಾರ ಅಳಬಾರದೆಂಬ ನಿಯಮವನ್ನು ಆ ಹೊತ್ತಿನಲ್ಲೂ ಅವಳು ಪಾಲಿಸುತ್ತಿದ್ದಳು.

“ಇಷ್ಟು ನೇಮದಿಂದ ಸಪ್ಪಿ ಹಿಡಿದ ಮನಿಗೆ ಹಿಂಗ ಆಗಬಾರದಿತ್ತು,” ಎಂದಳು ಚೆನ್ನಮ್ಮ. “ಎಲ್ಲೋ ಏನೋ ತಪ್ಪಿರಬೇಕು.”

“ನಾ ಉಪ್ಪು ತಿಂದೀನಿ,” ಎಂದಳು ಅಕ್ಕ.

ಅವ್ವ ತಲೆ ಎತ್ತಿದಳು. “ಏನಂದಿ?”

“ಮುಂಜಾನಿ. ಪದ್ಮಾನ ಮನ್ಯಾಗ. ಸಿಹಿ ಅಂತ ತಿಂದೆ, ಅದ್ರಾಗ ಉಪ್ಪಿತ್ತು.”

ಆ ಕ್ಷಣದಲ್ಲಿ ನಾನು ನೋಡಿದ್ದು ಚೆನ್ನಮ್ಮನ ಕೈ. ಅಕ್ಕನ ಹೆಗಲ ಮೇಲಿದ್ದ ಆ ಕೈ ಬಿಸಿ ಪಾತ್ರೆ ಮುಟ್ಟಿದ ಹಾಗೆ ಹಿಂದಕ್ಕೆ ಹೋಯಿತು. ಅವಳು ಬೇಕೆಂದು ಮಾಡಿದ್ದಲ್ಲ, ಕೈ ತಾನೇ ಹೋಯಿತು. ಕೂತಲ್ಲೇ ಸ್ವಲ್ಪ ಆಚೆಗೂ ಸರಿದಳು. ಅವ್ವ ಹಣೆ ಹಣೆ ಬಡಿದುಕೊಳ್ಳತೊಡಗಿದಳು. ಹೊಳೆಯ ಸುದ್ದಿ ಕೇಳಿದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಬೆಳಗಿನವರೆಗೆ ಎಲ್ಲರ ಮುದ್ದಿನ ಗೌರಿಯಾಗಿದ್ದ ನನ್ನ ಅಕ್ಕ ಆ ಹೊತ್ತಿಗೆ ಗಂಡನನ್ನು ತಿಂದವಳಾಗಿದ್ದಳು.

ಅಜ್ಜಿ ಎದ್ದಳು. ಹೊಡೆಯುತ್ತಾಳೆ ಎಂದು ನಾನು ಅಕ್ಕನ ಮುಂದೆ ಹೋಗಿ ನಿಂತೆ. ಅವಳು ನಮ್ಮನ್ನು ದಾಟಿ ಅಡಿಗೆಮನೆಗೆ ಹೋದಳು. ಒಳಗಿನಿಂದ ಗಡಿಗೆ ಕದಲಿದ ಸದ್ದು ಬಂತು. ಹಿಂತಿರುಗಿದಾಗ ಅವಳ ಎಡಗೈಯಲ್ಲಿ ಮಧ್ಯಾಹ್ನದ ಸಪ್ಪೆ ನುಚ್ಚಿಗೆ ಮಜ್ಜಿಗೆ ಹಾಕಿದ ತಾಟು ಇತ್ತು. ಬಲಗೈ ಮುಷ್ಟಿಯಾಗಿತ್ತು. ಹೆಗಲ ಮೇಲೆ ಗಡಿಗೆಯ ಬಾಯಿಗೆ ಕಟ್ಟಿದ್ದ ಆ ಬಿಳಿ ಬಟ್ಟೆ. ಎಲ್ಲರ ಎದುರು ಕೂತು, ಮುಷ್ಟಿಯಲ್ಲಿದ್ದ ಉಪ್ಪನ್ನು ತಾಟಿಗೆ ಉದುರಿಸಿ ಕಲಸಿದಳು.

“ಅತ್ತಿ, ಇನ್ನೂ ಸೋಮಾರ ಮುಗಿದಿಲ್ಲ,” ಅವ್ವನ ಬಾಯಿಂದ ಮಾತು ಸರಿಯಾಗಿ ಹೊರಡಲಿಲ್ಲ.

“ಗೊತ್ತೈತಿ.”

“ಹಿಂಗ ಮಾಡಬಾರ್ದ್ರಿ ಅಮ್ಮಾರ,” ಎಂದಳು ಚೆನ್ನಮ್ಮ. “ಆ ಹುಡುಗ ಇನ್ನೂ ನೀರಾಗ ಅದಾನ.”

“ಕುಂದ್ರು ಚೆನ್ನಮ್ಮ. ನೀನೂ ಕೇಳು.” ಅಜ್ಜಿ ತುತ್ತು ಕಟ್ಟುತ್ತ ಹೇಳಿದಳು, ದನಿ ಎತ್ತದೆ. “ಆಗ ನನಗ ಇಕಿಗಿಂತ ನಾಕು ವರ್ಷ ಹೆಚ್ಚಿತ್ತು. ಮಗ ಇನ್ನೂ ಮಲಿ ಕುಡೀತಿದ್ದ. ನಾ ಒಂದು ಹರಳು ಉಪ್ಪು ಮುಟ್ಟಿದ್ದಿಲ್ಲ. ಒಂದು ಸೋಮಾರನೂ ಬಿಟ್ಟಿದ್ದಿಲ್ಲ. ಪ್ಲೇಗು ಬಂತು, ಅವರು ಹೋದ್ರು. ಹೆಣ ಇದ ಪಡಸಾಲ್ಯಾಗ ಇತ್ತು. ನಮ್ಮತ್ತಿ ಬಂದು ನನ್ನ ಗದ್ದ ಹಿಡಿದು ಬಾಯಿ ತಗಿಸಿದ್ಲು. ಓಣಿ ಹೆಂಗಸ್ರೆಲ್ಲಾ ನೋಡಾಕ ಹತ್ತಿದ್ರು. ಎಲ್ಲಿ ನೆಕ್ಕೀದಿ ಹೇಳು ಅಂದ್ಲು.”

ಚೆನ್ನಮ್ಮ ತಲೆ ತಗ್ಗಿಸಿದಳು.

“ನಾ ಏನ್ ಹೇಳ್ಲಿ? ಹೇಳಾಕ ಏನಾರ ಇರಬೇಕಲ್ಲ. ಎಲ್ಲಾರೂ ಅಂದ್ರು, ನಾನೂ ನಂಬಿದೆ. ಎಲ್ಲಿ ತಪ್ಪೀನಿ ಅಂತ ಹುಡುಕಾಕ ಹತ್ತಿದೆ. ಒಲಿ ಮುಂದ ಕುಂತಾಗ ಬೆವರು ಬಾಯಿಗೆ ಇಳಿದಿತ್ತೇನೋ. ಅವರಿಗೆ ಜ್ವರ ಏರಿದ ದಿನ ಅತ್ತಿದ್ನಲ್ಲ, ಕಣ್ಣೀರು ತುಟಿಗೆ ಹತ್ತಿತ್ತೇನೋ. ಅದ್ರಾಗೂ ಉಪ್ಪು ಇರ್ತೈತಿ. ಇಷ್ಟು ವರ್ಷ ಅದನ್ನ ಹುಡುಕೀನಿ. ನಾ ಹುಡುಕಿದ್ದು ಸಾಕು. ಈ ಹುಡುಗಿ ಕೈಗೆ ಆ ಕೆಲಸ ಕೊಡಂಗಿಲ್ಲ ನಾನು.”

ನಾನು ಕಂಬ ಹಿಡಿದು ನಿಂತಿದ್ದೆ. ಪ್ರತಿ ಸೋಮವಾರ ನನ್ನ ಕೆನ್ನೆ ಒರೆಸಿದ ಸೆರಗು, ಅವ್ವನ ಮೂಗಿನ ಕೆಳಗಿನ ಬೆವರು ಒರೆಸಿದ ಸೆರಗು, ಎಲ್ಲ ಒಮ್ಮೆಲೇ ಅರ್ಥವಾಯಿತು. ನಾನು ಅದನ್ನು ಬರೀ ಪ್ರೀತಿ ಎಂದು ತಿಳಿದಿದ್ದೆ. ತನಗಾದದ್ದು ಈ ಮನೆಯ ಇನ್ನೊಬ್ಬ ಹೆಣ್ಣಿಗೆ ಆಗಬಾರದೆಂದು ಅವಳು ಹನಿ ಹನಿ ಉಪ್ಪನ್ನೂ ಬೆನ್ನಟ್ಟುತ್ತಿದ್ದಳು.

ಅಜ್ಜಿ ತುತ್ತನ್ನು ಅಕ್ಕನ ತುಟಿಗೆ ಇಟ್ಟಳು.

“ಉಣ್ಣು. ಉಂಡು ಅಳು. ಎಷ್ಟು ಬೇಕೋ ಅಷ್ಟು ಅಳವ್ವ, ಇವತ್ತು ನಾ ಒರಸಂಗಿಲ್ಲ.”

ಅಕ್ಕ ಬಾಯಿ ತೆರೆದಳು. ಒಂದು ತುತ್ತು ಇಳಿಯುವಷ್ಟರಲ್ಲಿ ಅವಳೊಳಗಿಂದ ಅಳು ಒಡೆದು ಬಂತು. ಕಣ್ಣೀರು ಕೆನ್ನೆ, ತುಟಿ, ಗದ್ದ, ತಾಟಿನ ನುಚ್ಚು ಎಲ್ಲ ಕಡೆ ಇಳಿಯಿತು. ಅಜ್ಜಿ ಅದನ್ನೇ ಕಲಸಿ ಕಲಸಿ ಉಣಿಸಿದಳು. ಆ ಹುಡುಗ ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಹೊತ್ತಿನಲ್ಲಿ ಇದನ್ನು ಮಾಡಿದಳು ಎನ್ನುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವನ ಹೆಣ ಬಂದಿದ್ದರೆ ಆ ಪಾಪವನ್ನು ಓಣಿಯವರು ಯಾರ ತಲೆಗೆ ಕಟ್ಟುತ್ತಿದ್ದರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಗಂಟು ಬಿಚ್ಚಿದ್ದಳು.

ಮಂಗಳವಾರವೆಲ್ಲ ಸುದ್ದಿಯಿಲ್ಲ. ಒಲೆ ಹೊತ್ತಿತು, ಅಡಿಗೆಯಾಯಿತು, ಯಾರು ಏನು ಉಂಡರೋ ನೆನಪಿಲ್ಲ. ಬುಧವಾರ ಮಧ್ಯಾಹ್ನ ಅಪ್ಪ ಬಂದ. ಅಂಗಡಿಯ ಮೆಟ್ಟಿಲಲ್ಲೇ ನಿಂತು, ಸಿಕ್ಕ ಅಂತ, ಜೀವ ಐತಿ ಎಂದ. ನೀರು ಅವನನ್ನು ಬಹಳ ಕೆಳಗೆ ಎಳೆದೊಯ್ದು ಒಂದು ಜಾಲಿ ಮರಕ್ಕೆ ಸಿಕ್ಕಿಸಿತ್ತು. ಆಚೆ ದಂಡೆಯ ಕುರುಬರು ಎತ್ತಿಕೊಂಡು ಹೋಗಿ ಕಂಬಳಿ ಹೊದಿಸಿ ಮಲಗಿಸಿದ್ದರು. ಹೊಳೆ ಇಳಿಯುವವರೆಗೆ ಸುದ್ದಿ ಈಚೆಗೆ ದಾಟುವ ದಾರಿಯೇ ಇರಲಿಲ್ಲ. ಒಂದು ಕೈ ಮುರಿದಿತ್ತು, ಅದು ಆಮೇಲೆ ಸ್ವಲ್ಪ ಸೊಟ್ಟಗೇ ಕೂಡಿತು. ಆ ಸೊಟ್ಟ ಕೈಯಿಂದಲೇ ಭಾವ ಮುಂದೆ ಮುದುಕನಾಗುವವರೆಗೆ ಬೆಲ್ಲ ತೂಗಿದ. ಆ ಮಧ್ಯಾಹ್ನ ಅಕ್ಕ ಅಡಿಗೆಮನೆಯ ನೆಲದ ಮೇಲೆ ಕೂತು ಇನ್ನೊಮ್ಮೆ ಅತ್ತಳು. ಬುಧವಾರವಾದ್ದರಿಂದ ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಚೆನ್ನಮ್ಮ ಓಡಿ ಬಂದಳು. ಅಕ್ಕನನ್ನು ಮತ್ತೆ ತಬ್ಬಿಕೊಂಡಳು, ಅದೇ ಕೈಯಿಂದ.

“ನಿಮ್ಮನಿ ಸಪ್ಪಿ ವ್ರತನ ಕಾಯ್ತು ನೋಡ್ರಿ ಅಮ್ಮಾರ.”

“ಯಾವ ಸಪ್ಪಿ?” ಎಂದಳು ಅಜ್ಜಿ. “ನಿನ್ನ ಕಣ್ಣೆದುರಿಗೆ ಮುಷ್ಟಿ ಉಪ್ಪು ಉಣಿಸೀನಲ್ಲ ಚೆನ್ನಮ್ಮ.”

ಆಮೇಲಿನ ಬದುಕಿನಲ್ಲಿ ನಾನು ಎಷ್ಟೋ ಸಾವಿನ ಮನೆಗಳಿಗೆ ಹೋಗಿದ್ದೇನೆ. ಎಲ್ಲೋ ಏನೋ ತಪ್ಪಿರಬೇಕು ಎನ್ನುವ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ. ಅವರನ್ನು ದಡ್ಡರೆನ್ನಿ, ಮುಗ್ಧರೆನ್ನಿ, ನನಗೆ ಮಾತ್ರ ಮೈ ಉರಿಯುತ್ತದೆ. ಜಗಳಗಂಟಿ ಎಂದು ಬಂಧುಗಳಲ್ಲಿ ನನಗೆ ಹೆಸರು ಬಂದದ್ದು ಇಂಥ ಕಡೆಗಳಲ್ಲೇ. ಅಂಥ ಮಾತು ಬಿದ್ದೊಡನೆ ನಾನು ಎದ್ದು ಹೋಗಿ, ಅವರು ಬೆರಳು ತೋರಿಸುತ್ತಿರುವ ಹೆಂಗಸಿನ ಪಕ್ಕದಲ್ಲಿ ಹೆಗಲ ಮೇಲೆ ಕೈ ಹಾಕಿ ಕೂರುತ್ತೇನೆ. ಕೈ ತೆಗೆಯುವುದಿಲ್ಲ.

ಮುಂದಿನ ಭಾನುವಾರ ಸಂಜೆ ಪಾತ್ರೆ ತೊಳೆದಾದ ಮೇಲೆ ನಾವೆಲ್ಲ ಅಜ್ಜಿಯ ಕಡೆ ನೋಡಿದೆವು. ಅವಳು ಆ ಬಿಳಿ ಬಟ್ಟೆಯನ್ನು ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿ ಆಗಲೇ ಅವ್ವನಿಗೆ ಕೊಟ್ಟಿದ್ದಳು. ಮರುದಿನ ಬೆಳಿಗ್ಗೆ ಪದ್ಮಾ ಒಂದು ಡಬ್ಬಿ ಹಿಡಿದು ಬಂದಳು. ನಡೆದದ್ದನ್ನೆಲ್ಲ ಕೇಳಿ ಅವಳ ಅಮ್ಮನಿಗೆ ಜೀವವೇ ಹೋದಂತಾಗಿತ್ತಂತೆ. ಈ ಸಲ ಉಪ್ಪು ಹಾಕಿಲ್ಲ ಎಂದು ಹೇಳಿ ಕಳಿಸಿದ್ದರು. ಅಜ್ಜಿ ಡಬ್ಬಿ ತೆರೆದು, ಒಂದನ್ನು ಮೂಸಿ, ಮತ್ತೆ ಮುಚ್ಚಿ ಅವಳ ಕೈಗೇ ಕೊಟ್ಟಳು.

“ಉಪ್ಪು ಹಾಕಿದ್ದು ಇದ್ರ ಕೊಡಾಕ ಹೇಳವ್ವ ನಿಮ್ಮಮ್ಮಗ.”

ಪದ್ಮಾ ಹೋಗಿ ಸಂಜೆಗೆ ತಂದಳು, ಬಿಸಿಬಿಸಿ ಇತ್ತು. ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಕಚ್ಚಿದಳು. ಅವಳಿಗೆ ಮುಂದಿನ ಹಲ್ಲು ಹೆಚ್ಚಿರಲಿಲ್ಲ, ಪದರಗಳು ಮಡಿಲ ತುಂಬ ಉದುರಿದವು. ಮೊದಲು ಸಕ್ಕರೆ ಸಿಕ್ಕಿರಬೇಕು, ತಲೆ ಆಡಿಸಿದಳು. ಆಮೇಲೆ ಉಪ್ಪು ಸಿಕ್ಕಿತು. ಅವಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಕಣ್ಣು ಅಷ್ಟು ದೊಡ್ಡದಾದದ್ದನ್ನು ನಾನು ಕಂಡೇ ಇರಲಿಲ್ಲ. ಚಲೋ ಇಲ್ಲೇನಜ್ಜಿ ಎಂದೆ.

“ಭಾಳ ಚಲೋ ಐತಿ,” ಎಂದಳು. ಕೈಯಲ್ಲಿದ್ದ ಅರ್ಧವನ್ನು ತಿರುಗಿಸಿ ನೋಡಿದಳು. “ಇದನ್ನ ನಾ ನಿಮ್ಮಜ್ಜ ಇದ್ದಾಗ ತಿನ್ನಬೇಕಿತ್ತು. ನಮ್ಮತ್ತಿಗೆ ಹೇಳಾಕ ಏನಾರ ಇರ್ತಿತ್ತು.”